ಮೇಣದ ತಲೆ

ಹಳೇ ಗೋವಾಕ್ಕೆ ಬಂದದ್ದು ಸಂತರ ದರ್ಶನಕ್ಕೆ ಅಂತ ಹೆಸರು, ಅಷ್ಟೇ. ಕಿತೇರಿಯಾ ಬಂದದ್ದು ಹುಡುಗನ ಮೇಲೆ ಕಣ್ಣಿಡೋದಕ್ಕೆ. ಜನವರಿಯಲ್ಲಿ ಮಗಳು ಇವೆಟ್‌ಳ ಮದುವೆ. ಆಲ್ದೋನಾ ಊರಿನ ಬೀಗರು ಬಲು ಒಳ್ಳೆಯವರು ಅಂತ ಕೇಳಿದವರೆಲ್ಲ ಹೇಳಿದ್ದರು. ಅಷ್ಟು ಒಳ್ಳೆಯವರ ಮನೆಯ ಹುಡುಗನಿಗೆ ಮೂವತ್ತೆರಡಾದರೂ ಯಾಕಪ್ಪಾ ಮದುವೆಯಾಗಿಲ್ಲ? ಕಿತೇರಿಯಾಗೆ ಅದೇ ಕೊರೆತ.

ಹಾಗೆ ನೋಡಿದರೆ ಮುಚ್ಚುಮರೆ ಇದ್ದದ್ದು ಇವಳ ಕಡೆಯೇ. ಇವೆಟ್‌ಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಎರಡು ವರ್ಷದಿಂದ ಬಂದಿರಲಿಲ್ಲ, ಆದರೆ ಮಾತ್ರೆ ನಿಂತಿರಲಿಲ್ಲ. ಆ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದಿಟ್ಟು, ಯಾರಾದರೂ ಕೇಳಿದರೆ ರಕ್ತ ಕಡಿಮೆ ಅನ್ನು ಅಂತ ಮಗಳಿಗೆ ಕಲಿಸಿಕೊಟ್ಟಿದ್ದಳು. ಹಿಂದೆ ಬಂದ ಎರಡು ಸಂಬಂಧಗಳು ಈ ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ಮುರಿದಿದ್ದವು. ಈ ಸಲ ಕಿತೇರಿಯಾ ತುಟಿ ಪಿಟಕ್ಕೆನ್ನಲಿಲ್ಲ. ತಾನು ಮುಚ್ಚಿಟ್ಟವಳಿಗೆ ಎದುರಿನವರೂ ಏನೋ ಮುಚ್ಚಿಟ್ಟಿದ್ದಾರೆ ಅನ್ನಿಸದೆ ಇರುತ್ತದೆಯೇ?

ಡಿಸೆಂಬರಿನ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೇನಾ ನಡೆಯುತ್ತಿದ್ದ ದಿನಗಳು. ಬೊಮ್ ಜೆಸು ಇಗರ್ಜಿ, ಆ ಹಳೇ ಚರ್ಚಿನ ಒಳಗೆ ಕಾಲಿಡಲು ಜಾಗವಿಲ್ಲ. ಹುಡುಗ ರೋಮುಲ್ದ್ ಎತ್ತರದಲ್ಲಿದ್ದ ಸಂತರ ದೇಹವಿಟ್ಟ ಬೆಳ್ಳಿಯ ಪೆಟ್ಟಿಗೆಯನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತುಬಿಟ್ಟ. ಹಿಂದಿನವರು ನೂಕಿದರೂ ಪರಿವೆಯಿಲ್ಲ. ಆಮೇಲೆ ಸಂತ ಅಗಸ್ತೀನರ ಮುರಿದ ಗೋಪುರ ನೋಡೋಣ ಅಂದರೆ, ಈ ಬಿಸಿಲಿಗೆ ಗುಡ್ಡ ಹತ್ತಿದರೆ ನನಗೆ ತಲೆ ಸಿಡಿಯುತ್ತೆ ಅಂದ. ಕಿತೇರಿಯಾ ಎರಡನ್ನೂ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಇವೆಟ್, ರೋಮುಲ್ದ್ ಎಲ್ಲರೂ ನಿಂಬೆ ಸೋಡಾ ಕುಡಿಯುತ್ತಿರುವಾಗ ಹುಡುಗನ ತಾಯಿ ಪಿಯೆದಾದ್ ಮೆಲ್ಲಗೆ ಜಾರಿಕೊಂಡು ಮೇಣದ ಅಂಗಡಿಗಳ ಕಡೆ ಹೋದಳು. ಅಲ್ಲಿ ಯಾವ ಅಂಗಕ್ಕೆ ಕಾಯಿಲೆಯೋ ಅದರ ಹರಕೆಗೆ ಮೇಣದ ಕೈ, ಕಾಲು, ಕಣ್ಣು, ಮನೆ ಕಟ್ಟಬೇಕೆನ್ನುವವರಿಗೆ ಮೇಣದ ಮನೆ, ಎಲ್ಲ ಸಾಲಾಗಿ ಜೋಡಿಸಿಟ್ಟಿದ್ದರು. ಕಿತೇರಿಯಾ ಸುಮ್ಮನೆ ಕೂತಾಳೇ? ಚಪ್ಪಲಿ ಸರಿಮಾಡಿಕೊಳ್ಳುವ ನೆವದಲ್ಲಿ ಹಿಂದೆಯೇ ಹೋದಳು. ಪಿಯೆದಾದ್ ಆರಿಸಿದ್ದು ಒಂದು ತಲೆ. ಯಾರಿಗೆ ಹರಕೆಯೋ ಅವರ ತಲೆಗೆ ಮುಟ್ಟಿಸಿ ಆಮೇಲೆ ಒಪ್ಪಿಸಿ ಅಂತ ಅಂಗಡಿಯವಳು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಪಿಯೆದಾದ್ ಅತ್ತಿತ್ತ ನೋಡಿ, ತಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ತುರುಕಿದಳು.

ಕಿತೇರಿಯಾ ಸರಕ್ಕನೆ ಹಿಂದಕ್ಕೆ ಸರಿದಳು. ಸಿಕ್ಕಿತಲ್ಲ ಮರ್ಮ! ಹುಡುಗನಿಗೆ ತಲೆ ನೆಟ್ಟಗಿಲ್ಲ. ಹುಚ್ಚೋ, ಇನ್ನೇನೋ. ಅದನ್ನು ತನ್ನ ಮಗಳ ಕೊರಳಿಗೆ ಕಟ್ಟಲು ಹೊರಟಿದ್ದಾಳೆ ಈ ಮಹಾತಾಯಿ. ಛೆ, ಎಂಥ ಜನ! ಕೋಪದ ಜೊತೆಗೆ ಒಂಥರಾ ಸಮಾಧಾನವೂ ಆಯಿತು, ತಾನೊಬ್ಬಳೇ ಮೋಸಗಾತಿಯಲ್ಲವಲ್ಲ ಅಂತ. ಆದರೂ ಮಗಳನ್ನು ಕೊಡುವುದುಂಟೇ? ಹುಡುಗನ ತಲೆಗೆ ಮುಟ್ಟಿಸುವಾಗ ಕೈಹಿಡಿದು ಕೇಳಿ, ಇವತ್ತೇ ಸಂಬಂಧ ಮುರಿದುಕೊಂಡು ಹೋಗುವುದು ಅಂತ ನಿಶ್ಚಯಿಸಿದಳು.

ರಸ್ತೆ ದಾಟಿ ಸೆ ಕೆಥೆಡ್ರಲ್‌ಗೆ ಹೋದರು. ಒಂದು ಗೋಪುರ ಬಿದ್ದುಹೋಗಿ ಒಂದೇ ಉಳಿದಿರುವ ಆ ದೊಡ್ಡ ಇಗರ್ಜಿಯೊಳಗೆ ಕಿತೇರಿಯಾ ಪೀಠದ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣೆಲ್ಲ ಆ ಚೀಲದ ಮೇಲೆ. ರೋಮುಲ್ದ್ ಮುಂದಿನ ಬೆಂಚಿನಲ್ಲಿ ಮೊಣಕಾಲೂರಿದ. ಪಿಯೆದಾದ್ ಅವನನ್ನು ದಾಟಿಕೊಂಡು ಹೋದಳು. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಇವೆಟ್‌ಳ ಹಿಂದೆ ನಿಂತು, ಕೂದಲಿನ ಕ್ಲಿಪ್ಪು ಸರಿಮಾಡುವವಳ ಹಾಗೆ ಬಗ್ಗಿ, ಮೇಣದ ತಲೆಯನ್ನು ಅವಳ ನೆತ್ತಿಗೆ ಮುಟ್ಟಿಸಿದಳು.

ಕಿತೇರಿಯಾ ನಿಂತಲ್ಲೇ ನಿಂತಳು. ಇವರಿಗೆ ಗೊತ್ತಾಗಿಬಿಟ್ಟಿದೆ. ಇನ್ನು ಮದುವೆ ಇಲ್ಲ. ಪಿಯೆದಾದ್ ಹರಕೆ ಒಪ್ಪಿಸಲು ಬಾಗಿಲ ಕಡೆ ಬಂದಾಗ ಅವಳ ತೋಳು ಹಿಡಿದಳು. ಯಾರು ಹೇಳಿದರು ಅಂತ ಕೇಳಿದಳು.

ಪಿಯೆದಾದ್‌ಳೇ ತಪ್ಪು ಮಾಡಿದವಳ ಹಾಗೆ ಬೆಚ್ಚಿದಳು. "ಇವೆಟ್ ಮೊದಲ ದಿನಾನೇ ಎಲ್ಲಾ ಹೇಳಿದ್ಲು ಬೀಗರೇ. ನಾನು ಹೇಳಿದ್ದು ಅಮ್ಮಂಗೆ ಮಾತ್ರ ಗೊತ್ತಾಗ್ಬಾರ್ದು, ನೊಂದ್ಕೊಳ್ತಾಳೆ ಅಂತ ನಮ್ಮ ಹತ್ರ ಆಣೆ ಹಾಕಿಸ್ಕೊಂಡಿದ್ದಾಳೆ."

ಕಿತೇರಿಯಾ ಹಿಡಿದಿದ್ದ ತೋಳನ್ನು ಬಿಟ್ಟಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಫಿಟ್ಸ್ ಬಂದಾಗ ನಾವೇನು ಮಾಡ್ಬೇಕಮ್ಮಾ ಅಂತ ಅವಳನ್ನೇ ಕೇಳ್ದೆ," ಅಂದಳು ಪಿಯೆದಾದ್. "ನಂಗಾಗ ಎಚ್ಚರಾನೇ ಇರಲ್ಲ, ನೋಡಿರೋದು ಅಮ್ಮ ಒಬ್ಳೇ ಅಂದ್ಲು. ನಿಮ್ಮನ್ನ ಕೇಳೋ ಹಾಗಿರ್ಲಿಲ್ಲ."

ಕಿತೇರಿಯಾ ಸೆರಗಿಲ್ಲದ ಫ್ರಾಕಿನ ತೋಳಿಗೇ ಕಣ್ಣು ಒರೆಸಿಕೊಂಡಳು. ಹೊರಗಿನ ಯಾರಿಗೂ ಇಷ್ಟು ವರ್ಷ ಹೇಳದಿದ್ದ ಮಾತನ್ನು ಮೆಲ್ಲಗೆ ಶುರುಮಾಡಿದಳು.

"ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಏನೂ ತುರುಕ್ಬೇಡಿ, ಕೈಗೆ ಕಬ್ಬಿಣ ಕೊಡ್ಬೇಡಿ. ಎಚ್ಚರ ಆದ್ಮೇಲೂ ಸ್ವಲ್ಪ ಹೊತ್ತು ಯಾರ ಗುರುತೂ ಸಿಗಲ್ಲ ಅವಳಿಗೆ, ತುಂಬಾ ಹೆದರ್ಕೊಳ್ತಾಳೆ. ಆಗ ನಾನು ಪಕ್ಕದಲ್ಲಿ ಕೂತು ಅವಳ ಹೆಸರು ಹೇಳ್ತಾ ಇರ್ತೀನಿ. ಇನ್ಮೇಲೆ ನೀವು ಹೇಳ್ಬೇಕು."