ಹಾಜರಿ ಹಾಳೆಯ ಹನ್ನೊಂದನೇ ಹೆಸರು

ಇಲ್ಲ ಎನ್ನುವ ಮಾತು ಶ್ರೀಶೈಲನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಟೆಕ್ಸಾಸಿನ ಫ್ರಿಸ್ಕೋ ಊರಿನ ಕನ್ನಡ ಬಳಗಕ್ಕೆ ಅವನು ಎಂಟು ವರ್ಷದಿಂದ ಕಾರ್ಯದರ್ಶಿಯಾಗಿ ಉಳಿದಿದ್ದರೆ ಅದಕ್ಕೆ ಈ ಗುಣವೇ ಕಾರಣ, ಬೇರೆ ಯಾವ ಪ್ರತಿಭೆಯೂ ಅಲ್ಲ. ಹೈಸ್ಕೂಲಿನ ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವಾಗ ಇಷ್ಟಿಷ್ಟು ಗಂಟೆ ಸೇವೆ ಮಾಡಿದ್ದೇವೆ ಎಂದು ತೋರಿಸಬೇಕು. ಬಳಗದಲ್ಲಿ ಆ ಗಂಟೆಗಳಿಗೆ ಸಹಿ ಹಾಕುವವನು ಕಾರ್ಯದರ್ಶಿ. ಯುಗಾದಿಯ ದಿನ ಹತ್ತು ಕುರ್ಚಿ ಜೋಡಿಸಿ ಆಮೇಲೆ ಫೋನು ಹಿಡಿದು ಕೂತ ಹುಡುಗನಿಗೆ ಆರು ಗಂಟೆ. ಜ್ವರವೆಂದು ಮನೆಯಲ್ಲೇ ಮಲಗಿದ ಹುಡುಗಿಗೂ ಆರು ಗಂಟೆ. ಯಾರ ಮನೆಯ ಮಗುವಾದರೇನು, ಎಲ್ಲ ನಮ್ಮವೇ ಅಲ್ಲವೇ? ಅವನು ಸಹಿ ಹಾಕಿದ ಗಂಟೆಗಳನ್ನೆಲ್ಲ ನಿಜವಾಗಿ ದುಡಿದಿದ್ದರೆ ಟೆಕ್ಸಾಸಿನ ಅರ್ಧ ಕಸ ಈ ಹೊತ್ತಿಗೆ ಗುಡಿಸಿ ಮುಗಿಯಬೇಕಿತ್ತು.

ಹಾಗಾಗಿ ಮಾರ್ಚಿನ ಆ ಶುಕ್ರವಾರ ಸಂಜೆ ವೆಂಕಟರಮಣ ಫೋನ್ ಮಾಡಿದಾಗ ಶ್ರೀಶೈಲನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವೆಂಕಟರಮಣ ಮೈಸೂರಿನವನು, ಎರಡು ಬೀದಿಯಾಚೆಯ ಮನೆ. ಅವನ ಮಗಳು ನಿಶಿತಾ, ಶ್ರೀಶೈಲನ ಮಗಳು ವೈಷ್ಣವಿ ಇಬ್ಬರೂ ಒಂದೇ ತರಗತಿ.

"ಸಾರ್, ನಾಳೆ ಆಸ್ಟಿನ್ ಹತ್ರ ಕಾಡಲ್ಲಿ ದಾರಿ ರಿಪೇರಿ ಮಾಡಕ್ಕೆ ಹೋಗ್ತಿದೀರಲ್ಲ, ನಿಶಿತಾನೂ ರಿಜಿಸ್ಟರ್ ಆಗಿದ್ಲು. ಜವಾಬ್ದಾರಿ ತಗೊಳ್ಳೋರು ಅಂತ ನಿಮ್ಮ ಹೆಸರೇ ಕೊಟ್ಟಿದ್ದೆ. ಈಗ ನೋಡಿದ್ರೆ ಡ್ಯಾನ್ಸ್ ರಿಹರ್ಸಲ್ ಅಂತೆ."

"ಅದಕ್ಕೇನ್ರಿ, ಬಿಡ್ರಿ. ಇನ್ನೊಮ್ಮೆ ಬರ್ತಾಳ."

"ಅದಲ್ಲ ಸಾರ್. ಹದಿನಾರು ಗಂಟೆ ಹೋಗ್ಬಿಡುತ್ತೆ. ಅಲ್ಲೊಂದು ಹಾಳೆ ಇರತ್ತಂತೆ. ಅವಳ ಹೆಸರೂ ಒಂದು ಬರೆದುಬಿಟ್ರೆ…"

"ಅಯ್ಯ, ಇಷ್ಟೇ ಏನು? ಬರೀತೀನಿ ತಗೋರಿ."

ವೈಷ್ಣವಿಗೆ ಇದನ್ನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವಳಿಗೆ ಹೇಳುವಂಥ ಸಂಗತಿಯೂ ಅದಾಗಿರಲಿಲ್ಲ. ಹದಿನೇಳರ ಆ ಹುಡುಗಿ ಗಂಟೆ ಎಣಿಸುವವಳಲ್ಲ. ಹೋದ ವರ್ಷದಿಂದ ತಿಂಗಳಿಗೊಮ್ಮೆ ಆ ಪೈನ್ ಕಾಡಿಗೆ ಹೋಗಿ, ಟೆಂಟಿನಲ್ಲಿ ಮಲಗಿ, ಮೈತುಂಬ ಮಣ್ಣು ಮಾಡಿಕೊಂಡು ಬರುತ್ತಿದ್ದಳು. ಬಂದ ಮೇಲೆ ಎರಡು ದಿನ ಮುಖದಲ್ಲಿ ಬೇರೆಯೇ ಕಳೆ ಇರುತ್ತಿತ್ತು. ಈ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಹತ್ತು ವಾರ ದಾರಿ ಕಟ್ಟುವ ತಂಡಕ್ಕೆ ಅರ್ಜಿ ಹಾಕಿದ್ದಳು. ಸಾವಿರ ವರ್ಷದ ಮರಗಳ ಬುಡದಲ್ಲಿ ಗುದ್ದಲಿ ಹಿಡಿಯುವುದಕ್ಕೆ ಮಗಳು ಇಷ್ಟು ಹಂಬಲಿಸುವುದು ಶ್ರೀಶೈಲನಿಗೆ ಅರ್ಥವಾಗುತ್ತಿರಲಿಲ್ಲ. ಗುದ್ದಲಿ ಹಿಡಿಯಬಾರದೆಂದೇ ಅವನನ್ನು ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿಸಿದ್ದರು. ಆದರೆ "ಒಂದು ಸಲ ಬಾ ಅಪ್ಪ, ನಾನೇನು ಮಾಡ್ತೀನಿ ಅಂತ ನೋಡು" ಎಂದು ಅವಳೇ ಕರೆದಿದ್ದಳು. ಅವಳು ಅವನನ್ನು ಎಲ್ಲಿಗಾದರೂ ಕರೆದು ವರ್ಷಗಳಾಗಿದ್ದವು. ಅವನು ಹಿಗ್ಗಿ ಹೀರೆಕಾಯಿಯಾಗಿ ನೂರಿಪ್ಪತ್ತು ಡಾಲರಿನ ಬೂಟು ಕೊಂಡಿದ್ದ.

ನಡುರಾತ್ರಿ ದಾಟುತ್ತಲೇ ಮನೆ ಬಿಟ್ಟು, ಬೆಳಿಗ್ಗೆ ಏಳೂವರೆಗೆ ಕಾಡಿನ ಅಂಚಿನ ಬಯಲಲ್ಲಿ ಟೆಂಟು ಹೊಡೆದರು. ಕೆಲಸ ನಡೆಸುವವಳು ಡೋರೀನ್ ಎಂಬ ಅರವತ್ತು ದಾಟಿದ ಹೆಂಗಸು. ಒಣಗಿದ ಜೀವ, ಮಾತು ಕಡಿಮೆ. ವೈಷ್ಣವಿಯನ್ನು ಕಂಡೊಡನೆ ಅವಳ ಮುಖ ಅರಳಿತು. ಮಗಳು ಟೆಂಟಿನ ಗೂಟ ಹೊಡೆಯುತ್ತಿದ್ದಾಗ ಶ್ರೀಶೈಲನನ್ನು ಪಕ್ಕಕ್ಕೆ ಕರೆದು ಹೇಳಿದಳು. "ನಾಳೆ ಸಂಜೆ ಅವಳ ಶಿಫಾರಸು ಪತ್ರಕ್ಕೆ ಸಹಿ ಹಾಕುತ್ತೇನೆ. ರೆಡ್‌ವುಡ್‌ನವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಕಾಡಿನೊಳಗೆ ಈ ಹುಡುಗಿ ಹೇಳಿದ ಮಾತನ್ನು ಕಣ್ಣು ಮುಚ್ಚಿ ನಂಬಬಹುದೇ ಅಂತ. ಹತ್ತೊಂಬತ್ತು ವರ್ಷದಲ್ಲಿ ನಾಲ್ಕು ಜನಕ್ಕೆ ಹೌದು ಅಂದಿದ್ದೇನೆ. ಇವಳು ಐದನೆಯವಳು."

ಆಮೇಲೆ ಡೋರೀನ್ ಹಾಜರಿ ಹಾಳೆಯನ್ನು ಹಿಡಿದು ಎಲ್ಲರಿಗೂ ಏನೋ ವಿವರಿಸಿದಳು. ವಿಮಾನದಲ್ಲಿ ಬೆಲ್ಟು ಹಾಕುವ ಬಗೆಯನ್ನು ಹೇಳುವಾಗ ಕೇಳಿಸಿಕೊಳ್ಳುವಷ್ಟೇ ಗಮನವಿಟ್ಟು ಶ್ರೀಶೈಲ ಅದನ್ನು ಕೇಳಿದ. ಕಣ್ಣು ಕಾಫಿಯ ಕಡೆಗಿತ್ತು. ಹಾಳೆ ಕೈಗೆ ಬಂದಾಗ ವೈಷ್ಣವಿ ತನ್ನ ಹೆಸರು ಬರೆದು ಅವನಿಗೆ ದಾಟಿಸಿ, ಗರಗಸ ತರಲು ಓಡಿದಳು. ಅವನು ಅದರ ಕೆಳಗೆ ತನ್ನ ಹೆಸರು ಬರೆದ. ಅದರ ಕೆಳಗೆ, ಅದೇ ಪೆನ್ನಿನಲ್ಲಿ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ನಿಶಿತಾಳ ಹೆಸರನ್ನೂ ಬರೆದ. ಮೇಲೆ ಹೋಗುವವರು, ಕೆಳಗೆ ಉಳಿಯುವವರು ಎಂದು ಹೆಸರಿನ ಮುಂದೆ ಗುರುತು ಹಾಕಬೇಕಿತ್ತು; ಕೆಳಗಿನ ತಂಡದಲ್ಲಿ ಅದು ಹನ್ನೊಂದನೇ ಹೆಸರು.

ವೈಷ್ಣವಿ ಬಿದ್ದ ಮರ ಕೊಯ್ಯುವ ತಂಡದ ಜೊತೆ ಎರಡು ಮೈಲಿ ಮೇಲಕ್ಕೆ ಹೋದಳು. ಶ್ರೀಶೈಲ ಕೆಳಗೆ ಉಳಿದ. ಮಳೆನೀರು ದಾರಿಯುದ್ದಕ್ಕೂ ಹರಿದು ಕೊರೆಯದಂತೆ ಅಲ್ಲಲ್ಲಿ ಅಡ್ಡ ಒಡ್ಡು ಹಾಕಿ ನೀರನ್ನು ಇಳಿಜಾರಿಗೆ ತಿರುಗಿಸುವುದು ಅವರ ಕೆಲಸ. ಹೊಲದ ಬದು ನೋಡಿದವನಿಗೆ ಇದೇನು ಹೊಸದಲ್ಲ. ಹೂಸ್ಟನ್ನಿನಿಂದ ಬಂದಿದ್ದ ವಾಲ್ಟರ್ ಎಂಬ ಎಪ್ಪತ್ತರ ನಿವೃತ್ತ ಮೇಷ್ಟರು ಅವನ ಒಡ್ಡನ್ನು ನೋಡಿ ಭೇಷ್ ಎಂದರು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಅವನಿಗೆ ಖುಷಿಯಾಗಿತ್ತು. ಸಂಜೆ ಮಗಳಿಗೆ ತೋರಿಸಬೇಕು ಅಂದುಕೊಂಡ.

ಮೂರು ಗಂಟೆಗೆ ಕೆಲಸ ನಿಂತಿತು. ಡೋರೀನ್ ಗುದ್ದಲಿ, ಸಲಿಕೆಗಳನ್ನು ಎಣಿಸಿದಳು. ಆಮೇಲೆ ತಲೆಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು.

"ಹತ್ತೇ ಇದ್ದಾರೆ," ಅಂದಳು. ಹಾಳೆ ನೋಡಿದಳು. "ನಿಶಿತಾ ಎಲ್ಲಿ? ಅವಳ ಜವಾಬ್ದಾರಿ ನಿಮ್ಮದು ಅಂತಿದೆಯಲ್ಲ?"

ಆ ಹಾಳೆ ಯಾತಕ್ಕಿತ್ತೆಂದು ಶ್ರೀಶೈಲನಿಗೆ ಆಗ ಅರ್ಥವಾಯಿತು. ಅದು ಯಾರಿಗೂ ಗಂಟೆ ಕೊಡುವುದಕ್ಕಲ್ಲ, ಒಳಗೆ ಹೋದವರೆಲ್ಲ ಹೊರಗೆ ಬಂದರೇ ಎಂದು ನೋಡುವುದಕ್ಕೆ. ಆಗಲೇ, ಆ ಗಳಿಗೆಯಲ್ಲೇ, ತಪ್ಪಾಯಿತು ತಾಯಿ ಅಂದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ನಾಳೆ ಸಂಜೆಯ ಸಹಿ ಕಣ್ಣ ಮುಂದೆ ಬಂತು. ಸುಳ್ಳು ಬರೆಯುವವನ ಮಗಳು ಎಂದು ಇವಳು ತಿಳಿದರೆ? ಸ್ವಲ್ಪ ಹೊತ್ತು ಸಿಕ್ಕರೆ ಸಾಕು, ಡೋರೀನಳನ್ನು ಒಬ್ಬಳನ್ನೇ ಕರೆದು ಹೇಳೋಣ ಎಂದು ಲೆಕ್ಕ ಹಾಕಿದ.

"ಮೇಲೆ ನನ್ನ ಮಗಳ ಜೊತೆ ಇರಬೇಕು," ಎಂದುಬಿಟ್ಟ.

ಡೋರೀನ್ ರೇಡಿಯೊ ಬಾಯಿಗೆ ಹಿಡಿದಳು. ಮೇಲಿನ ತಂಡದ ಮುಖಂಡ ತನ್ನವರನ್ನು ಎಣಿಸಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದ. ಡೋರೀನಳ ಮುಖದ ಬಣ್ಣವೇ ಹೋಯಿತು. ಎಲ್ಲರೂ ಕೆಳಗೆ ಬನ್ನಿ ಎಂದು ಹೇಳಿ, ಶೆರಿಫ್ ಕಚೇರಿಯ ಪೊಲೀಸರಿಗೂ ಸುದ್ದಿ ಮುಟ್ಟಿಸಿದಳು. ಎಲ್ಲ ಎರಡು ನಿಮಿಷದಲ್ಲಿ ಆಗಿಹೋಯಿತು. ಅವನು "ಡೋರೀನ್, ಒಂದು ಮಾತು" ಎಂದು ಹಿಂದೆ ಹೋದ. ಅವಳು ಅವನ ಹೆಗಲು ಹಿಡಿದು ಒಂದು ಬಿದ್ದ ಮರದ ಮೇಲೆ ಕೂರಿಸಿ, ನೀರಿನ ಬಾಟಲಿ ಕೈಗಿಟ್ಟಳು. "ನಿಮ್ಮ ಸಂಕಟ ಗೊತ್ತಾಗುತ್ತದೆ. ಹುಡುಕುತ್ತೇವೆ. ಹುಡುಕದೆ ಬಿಡುವುದಿಲ್ಲ."

ಬಯ್ದಿದ್ದರೆ ಬಾಯಿ ಬಿಡುತ್ತಿದ್ದನೋ ಏನೋ. ಸಮಾಧಾನ ಮಾಡಿದ್ದಕ್ಕೆ ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ.

ಕಾಡಿನ ತುಂಬ ಆ ಹೆಸರಿನ ಕೂಗು ಎದ್ದಿತು. ಫ್ರಿಸ್ಕೋದಲ್ಲಿ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದ ಹುಡುಗಿಗಾಗಿ ಗುರುತು ಪರಿಚಯವಿಲ್ಲದ ಜನ ಸಾಲುಗಟ್ಟಿ ಮುಳ್ಳುಪೊದೆಗಳನ್ನು ಸರಿಸಿ ನೋಡಿದರು. ವಾಲ್ಟರ್ ಮೇಷ್ಟರು ಹಳ್ಳಕ್ಕೆ ಇಳಿದರು. ಹತ್ತುವಾಗ ಜಾರಿ ಬಿದ್ದು, ಮೊಣಕೈ ತರಚಿಕೊಂಡು, ರಕ್ತ ಒರೆಸಿಕೊಂಡು ಮತ್ತೆ ಇಳಿದರು. ಶ್ರೀಶೈಲ ಎದ್ದು ನಿಂತ, ಕೂತ, ಮತ್ತೆ ಎದ್ದ. ಈಗ ಹೇಳುತ್ತೇನೆ ಎಂದುಕೊಂಡ. ವಾಲ್ಟರ್ ಮೇಲೆ ಬಂದ ಕೂಡಲೇ ಹೇಳುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಪೊಲೀಸ್ ಗಾಡಿ ಬಂದು, ಎತ್ತರದ ಅಧಿಕಾರಿಯೊಬ್ಬ ಇಳಿದು ನೋಟ್‌ಬುಕ್ ತೆರೆದ. ಅದನ್ನು ಕಂಡ ಮೇಲೆ ಶ್ರೀಶೈಲ ಮತ್ತೆ ಮರದ ಮೇಲೆ ಕೂತುಬಿಟ್ಟ. ಮುಂದಿನ ತಿಂಗಳು ಅವನ ಪೌರತ್ವದ ಸಂದರ್ಶನವಿತ್ತು. ಹದಿನೆಂಟು ವರ್ಷ ಕಾದು ಸಿಕ್ಕ ತಾರೀಖು ಅದು; ಸುಳ್ಳು ಹೇಳಿದವನೆಂದು ಪೊಲೀಸರ ಪುಸ್ತಕದಲ್ಲಿ ಹೆಸರು ಬಿದ್ದರೆ ಕೈತಪ್ಪಿ ಹೋದಂತೆ. ಪ್ರತಿ ರಾತ್ರಿ ಊಟದ ಮೇಜಿನಲ್ಲಿ ವೈಷ್ಣವಿಯೇ ಅವನಿಗೆ ಪ್ರಶ್ನೆ ಕೇಳಿ ಉತ್ತರ ಒಪ್ಪಿಸಿಕೊಳ್ಳುತ್ತಿದ್ದಳು.

ಮೇಲಿನ ತಂಡ ಓಡಿಕೊಂಡೇ ಬಂತು. ಎಲ್ಲರಿಗಿಂತ ಮುಂದೆ ವೈಷ್ಣವಿ.

"ನಿಶಿತಾ ಕಾಣ್ತಿಲ್ವಾ? ಆದ್ರೆ ಅವಳು…" ಇಂಗ್ಲಿಷಿನಲ್ಲಿ ಶುರು ಮಾಡಿದವಳು ಅಪ್ಪನ ಮುಖ ನೋಡಿ ನಿಂತಳು.

ಅಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. "ಸುಮ್ನಿರವ್ವಾ," ಎಂದ ಶ್ರೀಶೈಲ, ಅಳುವ ದನಿಯಲ್ಲಿ. "ಆಕಿ ಹೆಸರು ನಾನ ಬರದೀನಿ. ವೆಂಕಟರಮಣ ಅಂಕಲ್ ಕೇಳಿದ್ರು, ಬರದೆ. ಈಗ ಏನೂ ಹೇಳಬ್ಯಾಡ. ಪೊಲೀಸ್ ಬಂದಾರ. ನನಗ ಏನ್ ಮಾಡ್ಬೇಕಂತ ತಿಳೀವಲ್ದು."

ಹದಿನೇಳು ವರ್ಷದ ಮಗಳ ಮುಂದೆ ಐವತ್ತು ವರ್ಷದವನು ಆಡುವ ಮಾತೇ ಇದು? ಆದರೆ ಅವನಲ್ಲಿ ಬೇರೆ ಮಾತಿರಲಿಲ್ಲ.

ವೈಷ್ಣವಿ ಅಧಿಕಾರಿಯನ್ನು ನೋಡಿದಳು, ಅವನ ನೋಟ್‌ಬುಕ್ ನೋಡಿದಳು. ಹಳ್ಳದಿಂದ ಹತ್ತಿ ಬರುತ್ತಿದ್ದ ವಾಲ್ಟರ್ ಮೇಷ್ಟರ ಮೊಣಕೈ ನೋಡಿದಳು. ಆಮೇಲೆ ಡೋರೀನಳ ಎದುರು ಹೋಗಿ ನಿಂತಳು.

"ನಿಶಿತಾ ಬಂದೇ ಇಲ್ಲ. ಅವಳ ಹೆಸರು ನಾನು ಬರೆದೆ. ಅವಳಿಗೆ ಗಂಟೆ ಬೇಕಿತ್ತು. ಬೇರೆ ಕಾರಿನಲ್ಲಿ ಬರ್ತಾಳೆ ಅಂತ ಅಪ್ಪನಿಗೂ ಸುಳ್ಳು ಹೇಳಿದ್ದೆ. ಅವರಿಗೆ ಏನೂ ಗೊತ್ತಿಲ್ಲ."

ಡೋರೀನ್ ಹಾಳೆ ನೋಡಿದಳು. ವೈಷ್ಣವಿ, ಶ್ರೀಶೈಲ, ನಿಶಿತಾ, ಮೂರೂ ಒಂದೇ ಪೆನ್ನು, ಒಂದೇ ಥರದ ದೊಡ್ಡ ಅಕ್ಷರ. ಅವಳು ಹುಡುಗಿಯನ್ನು ಬಯ್ಯಲಿಲ್ಲ. ರೇಡಿಯೊ ತೆಗೆದು, ಹುಡುಕುವುದನ್ನು ನಿಲ್ಲಿಸಿ ಎಂದಷ್ಟೇ ಹೇಳಿದಳು. ಅಧಿಕಾರಿ ನಿಶಿತಾಳ ಮನೆಗೆ ಫೋನ್ ಮಾಡಿಸಿ ಹುಡುಗಿ ಅಲ್ಲೇ ಇದ್ದಾಳೆಂದು ಖಚಿತ ಮಾಡಿಕೊಂಡ. ವೈಷ್ಣವಿಯ ಹೆಸರು, ವಯಸ್ಸು ಬರೆದುಕೊಂಡು, ಹತ್ತು ನಿಮಿಷ ಎಲ್ಲರೆದುರು ಬುದ್ಧಿ ಹೇಳಿ ಹೋದ. ಅವಳು ತಲೆ ತಗ್ಗಿಸದೆ ಕೇಳಿಸಿಕೊಂಡಳು.

ಆ ಹತ್ತು ನಿಮಿಷವೂ ಶ್ರೀಶೈಲ ಅಲ್ಲೇ ನಿಂತಿದ್ದ. ಬಾಯಿ ಇತ್ತು, ಮಾತು ಇತ್ತು, ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ಇಡಲಿಲ್ಲ. ಪೊಲೀಸ್ ಗಾಡಿಯ ಧೂಳು ಅಡಗಿದ ಮೇಲೆ ಅವನಿಗೆ ಕಾಲು ಬಂತು. ತನ್ನ ಬಗ್ಗೆ ಅವನಿಗೆ ಹುಟ್ಟಿದ ಅಸಹ್ಯಕ್ಕೆ ಲೆಕ್ಕವಿರಲಿಲ್ಲ.

ಡೋರೀನ್ ಗುದ್ದಲಿಗಳನ್ನು ಗಾಡಿಗೆ ತುಂಬುತ್ತಿದ್ದಳು. ಅವನು ಹೋಗಿ ಎಲ್ಲ ಹೇಳಿದ. ವೆಂಕಟರಮಣನ ಫೋನು, ಬಳಗದ ಗಂಟೆ, ಯುಗಾದಿಯ ಕುರ್ಚಿ, ಯಾವುದನ್ನೂ ಬಿಡಲಿಲ್ಲ. ಹೆಸರು ಬರೆದದ್ದು ನಾನು, ಅವಳಲ್ಲ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದ.

ಡೋರೀನ್ ಕೊನೆಯವರೆಗೂ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು.

"ನೀವು ಒಳ್ಳೆಯ ತಂದೆ," ಅಂದಳು. "ನಾನಾಗಿದ್ದರೂ ಮಗಳಿಗಾಗಿ ಹೀಗೇ ಹೇಳುತ್ತಿದ್ದೆ. ಆದರೆ ಮೂರು ಗಂಟೆಗೆ ನಾನು ಕೇಳಿದಾಗ, ಮೇಲೆ ಮಗಳ ಜೊತೆ ಇರಬೇಕು ಅಂದಿರಲ್ಲ? ನೀವೇ ಬರೆದಿದ್ದರೆ ಹಾಗೆ ಯಾಕೆ ಅನ್ನುತ್ತಿದ್ದಿರಿ? ಒಂದು ಗಂಟೆ ನೀವು ಆ ಮರದ ಮೇಲೆ ನಡುಗುತ್ತ ಕೂತಿದ್ದನ್ನು ನಾನು ನೋಡಿದ್ದೇನೆ."

"ಅದೂ ಸುಳ್ಳು," ಎಂದ ಶ್ರೀಶೈಲ. "ಅದನ್ನೂ ನಾನೇ…"

"ಸಾಕು," ಎಂದು ಅವಳು ಅವನ ಕೈ ಒತ್ತಿದಳು. "ಪತ್ರ ಕೊಡಲಾರೆ. ನನಗೆ ಎಷ್ಟು ನೋವಾಗಿದೆ ಅಂತ ಅವಳಿಗೆ ಹೇಳಬೇಡಿ. ಕತ್ತಲಾಗುವ ಮೊದಲು ಹೊರಟುಬಿಡಿ."

ಬಯಲಿನಲ್ಲಿ ವೈಷ್ಣವಿ ಟೆಂಟು ಬಿಚ್ಚುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ.

"ಎಲ್ಲಾ ಹೇಳಿದೆ ಯವ್ವಾ. ನಂಬಲಿಲ್ಲ."

"ನಂಬಲ್ಲ ಅಂತ ಗೊತ್ತಿತ್ತು," ಅಂದಳು, ಇಂಗ್ಲಿಷಿನಲ್ಲಿ, ಗೂಟ ಕೀಳುತ್ತ. "ಅದಕ್ಕೇ ನಿನಗಿಂತ ಮೊದಲು ನಾನು ಹೇಳಿದ್ದು."

"ನಾಳೆ ಆ ರೆಡ್‌ವುಡ್ ಮಂದಿಗೆ ನಾನ ಫೋನ್ ಮಾಡ್ತೀನಿ. ವೆಂಕಟರಮಣನ ಕಡಿಂದನೂ ಹೇಳಸ್ತೀನಿ. ಹೆಸರು ಬರದಾಂವ ನಾನ ಅಂತ ಹೆಂಗರ ಮಾಡಿ ತೋರಸ್ತೀನಿ."

ವೈಷ್ಣವಿ ಗೂಟ ಕೆಳಗಿಟ್ಟಳು. ಮಾತು ಹುಡುಕುತ್ತ, ತಪ್ಪಿ ತಡವರಿಸುತ್ತ, ಈ ಸಲ ಅವನ ಭಾಷೆಯಲ್ಲೇ ಹೇಳಿದಳು.

"ತೋರಿಸಿದ್ರೂ ಏನ್ ಆಗ್ತದ ಅಪ್ಪಾ? ಡೋರೀನ್ ಮುಂದ ನಿಂತು ನಾನು ಸುಳ್ಳು ಹೇಳೀನಿ. ಅದಂತೂ ಖರೇನ ಅಲ್ಲೇನು?"

ಡೋರೀನಳನ್ನು ರೆಡ್‌ವುಡ್‌ನವರು ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಬದಲಾಗಿಹೋಗಿತ್ತು. ಅದನ್ನು ಇನ್ನು ಯಾರ ಸಹಿಯೂ ಸರಿಮಾಡಲಾರದು. ವೈಷ್ಣವಿ ಟೆಂಟಿನ ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಹಿಡಿದುಕೋ ಎಂದು ಸನ್ನೆ ಮಾಡಿದಳು. ಹೇಗೆ ಮಡಚಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅಳುತ್ತ, ಸುಮ್ಮನೆ ಹಿಡಿದು ನಿಂತ.