ಕೊನೆಯ ಲಾರಿಯ ಗೋಧಿ

ವಿಕ್ಟೋರಿಯಾ ರಾಜ್ಯದ ಮ್ಯಾಲಿ ಸೀಮೆಯ ಕೆರಿಬೆಲ್ ಊರಿನ ಕಣಜ ಉಳಿಯಬೇಕಾದರೆ ಸುಗ್ಗಿಯ ಕೊನೆಯ ದಿನವಾದ ಇವತ್ತು ಸಂಜೆ ಐದರೊಳಗೆ ಇನ್ನೊಂದು ಲಾರಿ ಗೋಧಿ ಬರಲೇಬೇಕಿತ್ತು. ಈ ಸುಗ್ಗಿಗೆ ಹತ್ತು ಸಾವಿರ ಟನ್ ತುಂಬದಿದ್ದರೆ ಬಾಗಿಲು ಮುಚ್ಚುತ್ತೇವೆಂದು ಕಣಜ ನಡೆಸುವ ಕಂಪನಿ ಕಾಗದ ಬರೆದಿತ್ತು. ಇಪ್ಪತ್ತು ಟನ್ ಕಡಿಮೆ ಬಿದ್ದಿತ್ತು.

ಮೂವತ್ತೊಂದು ಸುಗ್ಗಿಯಿಂದ ಅಲ್ಲಿ ಕಾಳು ಪರೀಕ್ಷೆ ಮಾಡುತ್ತಿದ್ದ ನೋಲಾ ಪ್ರಿಚರ್ಡ್‌ಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಬ್ಯಾಂಕ್ ಹೋಯಿತು, ಶಾಲೆ ಹೋಯಿತು, ಅಲ್ಲಿನ ಬಗೆಯ ಫುಟ್‌ಬಾಲ್‌ಗೆ ಬೇಕಾದ ಹದಿನೆಂಟು ಆಟಗಾರರು ಸಿಗದೆ ತಂಡ ಪಕ್ಕದೂರಿನ ತಂಡದಲ್ಲಿ ಸೇರಿಹೋಯಿತು. ಪ್ರತಿಸಲವೂ ಊರಿನ ಹಾಲ್‌ನಲ್ಲಿ ಚಹಾ, ಸ್ಯಾಂಡ್‌ವಿಚ್, ಭಾಷಣ. ಭಾಷಣ ಮಾಡಿದವರೇ ಮರುದಿನ ಟನ್ನಿಗೆ ನಾಲ್ಕು ಡಾಲರ್ ಹೆಚ್ಚು ಸಿಗುತ್ತದೆಂದು ಅರವತ್ತು ಕಿಲೋಮೀಟರ್ ದೂರದ ಪೇಟೆಗೆ ಗೋಧಿ ಹೊತ್ತರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜನ.

ನಾಲ್ಕು ಗಂಟೆಗೆ ಲಾರಿ ಬಂತು. ಇಳಿದವನು ಕ್ಲೆಮ್ ಹ್ಯಾರಿಗನ್. ಶಾಲೆಯಲ್ಲಿ ಅವಳ ಪಕ್ಕದ ಬೆಂಚಿನವನು, ಸುಗ್ಗಿಯುದ್ದಕ್ಕೂ ಇತ್ತ ತಲೆ ಹಾಕದವನು.

"ಏನಪ್ಪಾ, ದಾರಿ ತಪ್ಪಿದ್ಯಾ?" ಎಂದಳು ನೋಲಾ.

"ಮೂವತ್ತು ಟನ್ ಇದೆ ಕಣೇ. ನಿನ್ ಕಣಜ ಉಳಿಸೋಕೆ ಬಂದೆ. ಬೈದಾದ್ರೂ ತಗೋ."

ಅವಳು ಉದ್ದನೆಯ ಕೊಳವೆ ಚುಚ್ಚಿ ಕಾಳು ತೆಗೆದು ಯಂತ್ರಕ್ಕೆ ಸುರಿದಳು. ತೇವ ಶೇಕಡಾ ಹನ್ನೆರಡೂವರೆ ಮೀರಬಾರದು. ಹದಿಮೂರೂಕಾಲು ತೋರಿಸಿತು. ಇನ್ನೊಮ್ಮೆ ಸುರಿದಳು. ಅದೇ.

"ಪೇಟೆಯೋರು ವಾಪಸ್ ಕಳಿಸಿದ್ರಾ?"

ಕ್ಲೆಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೆಳಿಗ್ಗೆ. ಮೊನ್ನೆ ಮಳೆ ಬಿತ್ತಲ್ಲ. ಹನ್ನೆರಡೂವರೆ ಅಂತ ಬರ್ಕೊಳೇ. ಯಾರು ನೋಡ್ತಾರೆ?"

ಅವಳಿಗೆ ಬರೆದುಬಿಡಬೇಕೆನಿಸಿತು. ಹೌದು, ತುಂಬಾ ಅನಿಸಿತು. ಆದರೆ ಹಿಂದೊಂದು ವರ್ಷ ಇದೇ ಕೆಲಸದಲ್ಲಿದ್ದ ಅವಳಪ್ಪ ನೆನೆದ ಗೋಧಿಯ ಲಾರಿಗಳನ್ನು ಕಣ್ಣು ಮುಚ್ಚಿ ಒಳಗೆ ಬಿಟ್ಟಿದ್ದ. ಕಣಜದ ಕಾಳೆಲ್ಲ ಬಿಸಿಯೇರಿ ಕಪ್ಪಾಗಿ, ಊರಿಗೆ ಊರೇ ಸಲಿಕೆ ಹಿಡಿದು ಎರಡು ವಾರ ಬಗೆದು ಹಾಕಿತ್ತು. ಆ ನಾತ ಇನ್ನೂ ಅವಳ ಮೂಗಿನಲ್ಲಿತ್ತು.

"ಆಗಲ್ಲ ಕ್ಲೆಮ್. ಎಲ್ಲರ ಗೋಧಿನೂ ಒಳಗಿದೆ."

"ಯಂತ್ರ ಕೆಟ್ಟಿರಬಹುದು. ಹಳೇದು."

"ಹಂಗಾದ್ರೆ ಕಚ್ಚಿ ನೋಡು."

ಯಂತ್ರ ಬರುವ ಮೊದಲು ಅಪ್ಪಂದಿರು ಹಾಗೇ ನೋಡುತ್ತಿದ್ದರು. ಒಣಗಿದ ಕಾಳು ಹಲ್ಲಿಗೆ ಕಟಕ್ಕೆಂದು ಒಡೆಯಬೇಕು; ತೇವದ ಕಾಳು ಸದ್ದಿಲ್ಲದೆ ಮೆತ್ತಗೆ ನಲುಗುತ್ತದೆ. ಇಬ್ಬರೂ ಒಂದೊಂದು ಕಾಳು ಬಾಯಿಗಿಟ್ಟುಕೊಂಡರು. ಯಂತ್ರ ಸುಳ್ಳಾಗಲಿ ಎಂದು ನೋಲಾ ಮನಸಾರೆ ಬೇಡಿಕೊಂಡಳು. ಕ್ಲೆಮ್ ಅವಳ ಮುಖವನ್ನೇ ನೋಡುತ್ತಾ ಕಚ್ಚಿದ. ಅವಳೂ ಕಚ್ಚಿದಳು.

ಯಾರ ಬಾಯಿಂದಲೂ ಸದ್ದು ಬರಲಿಲ್ಲ.