ಹಡಗಿನ ಕುರ್ಚಿಗೆ ಹಾಸಿದ ಟವೆಲು

ಈ ಕತೆಯನ್ನು ಮೊದಲು ಹೇಳಿದವರು ಕನಕಪುರದ ಬೋರಲಿಂಗಯ್ಯ. ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಈಗ ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾರುವವರು. ಹೇಳಿದ್ದು ೨೦೨೪ರ ಕಾರ್ತಿಕದ ಎರಡನೆಯ ಸೋಮವಾರ, ರಾಮನಗರದ ಗೂಡಿನ ಮಾರುಕಟ್ಟೆಯ ಹೊರಗಿನ ಟೀ ಅಂಗಡಿಯಲ್ಲಿ, ಹರಾಜು ಮುಗಿದ ಮೇಲೆ. ಕೇಳಿದವರು ಏಳು ಮಂದಿ. ಇದೇ ಕತೆ ಅನಂತರ ಚನ್ನಪಟ್ಟಣದಲ್ಲೂ ಮಾಗಡಿಯಲ್ಲೂ ಸಿಕ್ಕಿತು. ಅಲ್ಲಿಯವರ ಮಾತು ಬೇರೆಯಾದ ಕಡೆ ಅದನ್ನು ಸೂಚಿಸಿದೆ.

ರೇವಣಸಿದ್ದಯ್ಯನವರು ರಾಮನಗರ ಕನಕಪುರದ ನಡುವೆ ಓಡುವ ಖಾಸಗಿ ಬಸ್ಸುಗಳ ಏಜೆಂಟು. ಏಜೆಂಟನೆಂದರೆ ಬಸ್ಸು ಹೊರಡಿಸುವವನು ಎಂದು ಹೊರಗಿನವರು ತಿಳಿಯುತ್ತಾರೆ. ನಿಜದಲ್ಲಿ ಅವನು ಬಸ್ಸನ್ನು ಹೊರಡದಂತೆ ಹಿಡಿದಿಡುವವನು. ಇಂಜಿನ್ನು ಗುಡುಗುತ್ತಿರಬೇಕು, ಡ್ರೈವರು ಒಂದು ಗೇಣು ಮುಂದಕ್ಕೆ ಒಂದು ಗೇಣು ಹಿಂದಕ್ಕೆ ಆಡಿಸುತ್ತಿರಬೇಕು, ಒಳಗೆ ಕುಳಿತವರಿಗೆ ಇದೋ ಹೊರಟಿತು ಅನ್ನಿಸುತ್ತಲೇ ಇರಬೇಕು. ಕಡೆಯ ಸೀಟು ತುಂಬಿದ ಮೇಲೆ ಮಾತ್ರ ಏಜೆಂಟನ ಅಂಗೈ ಬಸ್ಸಿನ ಮೈಮೇಲೆ ಎರಡು ಸಲ ಬೀಳಬೇಕು. ಈ ವಿದ್ಯೆಯಲ್ಲಿ ರೇವಣಸಿದ್ದಯ್ಯನವರಿಗೆ ನಾಲ್ಕು ತಾಲ್ಲೂಕಿನಲ್ಲಿ ಸರಿಸಾಟಿ ಇರಲಿಲ್ಲ.

ಅದರ ಫಲವನ್ನು ಉಂಡವರು ಹೆಂಡತಿ ಗಿರಿಜಾಂಬ. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಯಾವ ಊರನ್ನೂ ಹೊತ್ತಿಗೆ ಸರಿಯಾಗಿ ತಲುಪಿದವರಲ್ಲ. ಮಾಗಡಿಯಲ್ಲಿ ನಡೆದ ಸ್ವಂತ ತಂಗಿಯ ಮದುವೆಗೆ ಹೋದಾಗ ಎಲೆ ಎತ್ತುತ್ತಿದ್ದರು. ದೊಡ್ಡಮಳೂರಿಗೆ ಮೂರು ಸಲ ಹೋಗಿ ಮೂರು ಸಲವೂ ಗುಡಿಯ ಬಾಗಿಲಿನ ಬೀಗಕ್ಕೆ ಕೈಮುಗಿದು ಬಂದಿದ್ದರು. ಪ್ರತಿ ಸಲವೂ ದಾರಿಯಲ್ಲಿ ಎಲ್ಲೋ ಒಂದು ಖಾಲಿ ಬಸ್ಸು ಗಂಡನ ಕಣ್ಣಿಗೆ ಬೀಳುತ್ತಿತ್ತು. ಯಾರದಾದರೇನು, ತುಂಬಿಸದೆ ಮುಂದೆ ಹೋಗಲು ಅವರ ಕಾಲು ಏಳುತ್ತಿರಲಿಲ್ಲ. ಆಕೆಯೂ ಇಳಿದು, ಚೀಲ ಹಿಡಿದು, ನಿಂತು ಕಾಯುತ್ತಿದ್ದರು.

ಹಾಗಾಗಿ, ಅಪ್ಪನಿಗೆ ಅರವತ್ತು ತುಂಬಿತೆಂದು ಮಗಳು ರಕ್ಷಿತಾ ಹಡಗಿನ ಪ್ರವಾಸಕ್ಕೆ ಟಿಕೆಟ್ಟು ಮಾಡಿಸಿದಾಗ ಗಿರಿಜಾಂಬನವರು ಕೇಳಿದ್ದು ಒಂದೇ ಮಾತು. "ಅದ್ರಲ್ಲಿ ಜನ ತುಂಬ್ಸೋದು ಇರಲ್ಲ ತಾನೆ?"

"ಇರಲ್ಲ ಕಣಮ್ಮ. ಎಲ್ಲಾ ಮೊದ್ಲೇ ಬುಕ್ ಆಗಿರುತ್ತೆ."

ಆಕೆ ಮರುಮಾತಿಲ್ಲದೆ ಒಪ್ಪಿದರು. ಹತ್ತಿದ ಗಾಡಿಯಲ್ಲೇ ಕೊನೆಯವರೆಗೂ ಹೋಗಿ, ಹೇಳಿದ ಹೊತ್ತಿಗೆ ಇಳಿಯಬೇಕೆಂಬುದು ಆಕೆಯ ಬದುಕಿನ ದೊಡ್ಡ ಆಸೆ. ಸಮುದ್ರ ನೋಡುವುದು ಅದರ ಜೊತೆಗೆ ಸಿಗುವ ಕೊಸರು.

ಹಡಗು ಮುಂಬಯಿಯಿಂದ ಹೊರಟು ಕೊಚ್ಚಿಯಲ್ಲಿ ಒಂದು ಹಗಲು, ಮಂಗಳೂರಿನಲ್ಲಿ ಒಂದು ಹಗಲು ನಿಂತು ಮತ್ತೆ ಮುಂಬಯಿಗೆ ಮರಳಬೇಕು. ರೇವಣಸಿದ್ದಯ್ಯನವರು ಹತ್ತಿದೊಡನೆ ಡೆಕ್ ಎಂಬ ಮೇಲಿನ ಅಟ್ಟದಲ್ಲಿ ಒಳ್ಳೆಯ ಎರಡು ಕುರ್ಚಿ ನೋಡಿ, ಒಂದಕ್ಕೆ ಹೆಂಡತಿಯನ್ನು ಕೂರಿಸಿ ಇನ್ನೊಂದಕ್ಕೆ ತಮ್ಮ ಕೆಂಪು ಅಂಚಿನ ಟವೆಲು ಹಾಸಿದರು. ಬಸ್ಸಿನ ಕಿಟಕಿಯಿಂದ ಟವೆಲು ಎಸೆದರೆ ಸೀಟು ಎಸೆದವನದೆಂಬುದು ನಮ್ಮ ಕಡೆ ಕೋರ್ಟೂ ಮುರಿಯದ ಕಾನೂನು. ಹಡಗಿನಲ್ಲಿ ಮೇಜು ಒರೆಸುತ್ತಿದ್ದ ಉಜೈರ್ ಎಂಬ ನಲವತ್ತರ ಮನುಷ್ಯ ಚನ್ನಪಟ್ಟಣದವನಾದ್ದರಿಂದ ಅವನಿಗೆ ಅರ್ಥವಾಯಿತು.

"ಯಜಮಾನ್ರೇ, ಇಲ್ಲಿ ಇದು ನಡೆಯಲ್ಲ. ಅರ್ಧ ಗಂಟೆ ಆಳಿಲ್ದೆ ಬರೀ ಟವೆಲ್ ಇದ್ರೆ ನಾವೇ ಎತ್ತುಬುಡ್ತೀವಿ. ರೂಲ್ಸು."

"ನಿಮ್ ಹಡಗಿನೋರು ಬಸ್ಸು ಕಂಡವ್ರೇನ್ಲಾ? ಇರ್ಲಿ ಬುಡು."

ಕೊಚ್ಚಿಯ ಹಗಲಿಗೆ ಹಡಗಿನವರದೇ ಟೂರು ಇತ್ತು. ಅದರಲ್ಲಿ ಹೋದವರಿಗಾಗಿ ಹಡಗು ಕಾಯುತ್ತದೆ. ತಮ್ಮ ಪಾಡಿಗೆ ತಾವು ಊರು ಸುತ್ತುವವರು ನಾಲ್ಕೂವರೆಯೊಳಗೆ ಹತ್ತಿರಬೇಕು, ಐದಕ್ಕೆ ಹಡಗು ಬಿಡುತ್ತದೆ. ರಕ್ಷಿತಾ ಇದನ್ನು ಫೋನಿನಲ್ಲಿ ಮೂರು ಸಲ ಓದಿ ಹೇಳಿದ್ದಳು. ರೇವಣಸಿದ್ದಯ್ಯನವರು ಟೂರಿನ ಏಸಿ ಬಸ್ಸನ್ನು ಕಿಟಕಿಯಿಂದಲೇ ನೋಡಿದರು. ನಲವತ್ತು ಸೀಟು, ಹತ್ತೊಂಬತ್ತು ಜನ. "ಇದು ಬಸ್ಸೇನೇ? ಸ್ಮಶಾನ," ಎಂದು, ಹೆಂಡತಿಯನ್ನು ಕರೆದುಕೊಂಡು ಬಂದರಿನ ಗೇಟು ದಾಟಿದರು.

ಅವರ ಜಾಣತನವನ್ನು ಇಲ್ಲಿ ಮರೆಮಾಚಬಾರದು. ಭಾಷೆ ಬಾರದ ಊರಿನಲ್ಲಿ, ಯಾರನ್ನೂ ಎರಡನೆಯ ಸಲ ಕೇಳದೆ, ಸಿಟಿ ಬಸ್ಸಿನಲ್ಲಿ ಎರ್ನಾಕುಲಂ ಸ್ಟೇಷನ್ನಿಗೆ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಆಲುವಾಕ್ಕೆ ಹೋದರು. ರೈಲಿನ ಕಿಟಕಿಯಿಂದ ಇನ್ನೊಂದು ಟವೆಲು ಎಸೆದಾಗ ಒಳಗಿದ್ದ ಮಲಯಾಳಿ ಮೇಷ್ಟರೊಬ್ಬರು ಅದನ್ನೆತ್ತಿ, ಪಾಪ ಬೀಳಿಸಿಕೊಂಡರೆಂದು, ಮಡಿಸಿ ವಾಪಸು ಕೊಟ್ಟರು. ಅದೊಂದು ಬಿಟ್ಟರೆ ಎಲ್ಲವೂ ಸುಸೂತ್ರ. ಹೊಳೆಯ ದಂಡೆಯ ಶಿವನ ದರ್ಶನವಾಯಿತು, ಬಾಗಿಲು ತೆರೆದೇ ಇತ್ತು. ಗಿರಿಜಾಂಬನವರು ಆ ತೆರೆದ ಬಾಗಿಲನ್ನು ದೇವರಿಗಿಂತ ಹೆಚ್ಚು ಹೊತ್ತು ನೋಡಿದರೆಂದು ಮಾಗಡಿಯವರು ಹೇಳುತ್ತಾರೆ. ಊಟವೂ ಆಗಿ ಮೂರೂವರೆಗೆ ಎರ್ನಾಕುಲಂಗೆ ಮರಳಿ, ಬಂದರಿಗೆ ಹೋಗುವ ಬಸ್ಸು ಹತ್ತಿ ಕುಳಿತರು. ಹಡಗು ಅರ್ಧ ಗಂಟೆಯ ದಾರಿ.

ಬಸ್ಸಿನಲ್ಲಿ ಎಂಟು ಸೀಟು ಖಾಲಿ ಇದ್ದವು.

ಡ್ರೈವರು ಗೇರು ಹಾಕಿದ. ರೇವಣಸಿದ್ದಯ್ಯನವರು ಹಿಂದೆ ತಿರುಗಿ ಎಣಿಸಿದರು. ಅವರ ಕುತ್ತಿಗೆಯ ನರ ಉಬ್ಬಿದ್ದನ್ನು ಗಿರಿಜಾಂಬನವರು ಕಂಡರು.

"ಬ್ಯಾಡ ಕಣ್ರೀ. ನಿಮ್ ಕೈ ಮುಗೀತೀನಿ."

"ಎಂಟು ಸೀಟು ಕಣೆ. ಒಸಿ ಇರು, ಬಂದೆ."

ಇಳಿದವರೇ ಬಾಗಿಲ ಬಳಿ ನಿಂತು, "ಬನ್ನಿ ಬನ್ನಿ, ಹಡಗು ಹಡಗು ಹಡಗು, ಸೀಟೈತೆ ಕೂತ್ಕಂಡು ಹೋಗಿ," ಎಂದು ಕನ್ನಡದಲ್ಲಿ ಕೂಗತೊಡಗಿದರು. ಮೀನಿನ ಬುಟ್ಟಿಯ ಹೆಂಗಸರಿಬ್ಬರು ಹತ್ತಿದರು. ಚನ್ನಪಟ್ಟಣದವರು ಐವರೆನ್ನುತ್ತಾರೆ, ಅದು ಉತ್ಪ್ರೇಕ್ಷೆ. ಇನ್ನೂ ಆರು ಸೀಟು ಖಾಲಿ ಇರುವಾಗಲೇ, ಯಾರ ಅಂಗೈಯೂ ಬೀಳದೆ, ಬಸ್ಸು ಹೊರಟುಬಿಟ್ಟಿತು. ಅಂಥದೊಂದು ಸಂಗತಿ ಲೋಕದಲ್ಲಿ ನಡೆಯಬಹುದೆಂದು ಗೊತ್ತಿರದಿದ್ದರಿಂದ ರೇವಣಸಿದ್ದಯ್ಯನವರು ಅದರ ಹಿಂದೆ ಓಡಲೂ ಇಲ್ಲ.

ಗಿರಿಜಾಂಬನವರು ಸೀಟಿನಿಂದ ಅರ್ಧ ಎದ್ದರು. ಮೂವತ್ತೈದು ವರ್ಷ ಹೀಗೆ ಎದ್ದಿದ್ದರು, ಇಳಿದಿದ್ದರು. ಕೈ ಗಂಟೆಯ ಹಗ್ಗದವರೆಗೂ ಹೋಯಿತು. ತಂಗಿಯ ಮದುವೆಯ ಎಂಜಲೆಲೆ ಕಣ್ಣಮುಂದೆ ಬಂತು. ಆಕೆ ಮತ್ತೆ ಕುಳಿತರು.

ಫೋನು ಬಂತು. "ಎಲ್ಲಿದ್ದೀಯೇ? ಡ್ರೈವರಿಗೆ ನಿಲ್ಸು ಅನ್ನು, ಏಜೆಂಟ್ರು ಬತ್ತಾವ್ರೆ ಅನ್ನು."

"ಯಾವ ಏಜೆಂಟ್ರು ಅಂತ ಹೇಳ್ಲಿ? ಆಟೋ ಹಿಡ್ಕಂಡು ಬನ್ನಿ."

"ಆಟೋ ಯಾಕೆ, ಇನ್ನೊಂದು ಬಸ್ಸು ನಿಂತೈತೆ. ಪೂರ್ತಿ ಖಾಲಿ. ತುಂಬ್ಸಿ ಅದ್ರಲ್ಲೇ ಬತ್ತೀನಿ."

"ಹಡಗು ಬುಟ್ಬುಡ್ತದೆ."

"ನನ್ ಸೀಟು ಖಾಲಿ ಇಟ್ಕಂಡು ಹೆಂಗೆ ಹೊಂಟದೆ? ಟವೆಲ್ ಹಾಕಿವ್ನಿ ಕಣಮ್ಮಿ."

ನಾಲ್ಕೂ ಹತ್ತಕ್ಕೆ ಗಿರಿಜಾಂಬನವರು ಹಡಗು ಹತ್ತಿದರು. ಅಟ್ಟದಲ್ಲಿ ಉಜೈರ್ ಕೆಂಪು ಅಂಚಿನ ಟವೆಲಿನ ಮುಂದೆ ನಿಂತಿದ್ದ. ಊರಿನವರದೆಂದು ಬೆಳಗಿನಿಂದ ಅದನ್ನು ಮುಟ್ಟಿರಲಿಲ್ಲ.

"ಅಕ್ಕಾ, ಯಜಮಾನ್ರು?"

"ಬಸ್ಸು ತುಂಬುಸ್ತಾವ್ರೆ."

ಉಜೈರ್ ಚನ್ನಪಟ್ಟಣದವನಾದ್ದರಿಂದ ಅವನಿಗೆ ಇದೂ ಅರ್ಥವಾಯಿತು. ಐದಕ್ಕೆ ಸರಿಯಾಗಿ, ಒಂದು ಗೇಣು ಮುಂದಕ್ಕೆ ಒಂದು ಗೇಣು ಹಿಂದಕ್ಕೆ ಆಡದೆ, ಹಡಗು ದಡ ಬಿಟ್ಟಿತು. ಗಿರಿಜಾಂಬನವರು ಕುರ್ಚಿಯ ಹಿಡಿಯನ್ನು ಹಿಡಿದುಕೊಂಡರು. ದಡ ದೂರ ಸರಿದು ಕಣ್ಣಿಗೆ ಕೈಯಗಲವಾದ ಮೇಲೆ, "ಎತ್ತಪ್ಪ ಅದ್ನ," ಎಂದರು.

ಇಪ್ಪತ್ತು ನಿಮಿಷದ ಅನಂತರ, ಒಂದು ಸೀಟೂ ಖಾಲಿ ಇಲ್ಲದ ಬಸ್ಸಿನಲ್ಲಿ, ರೇವಣಸಿದ್ದಯ್ಯನವರು ಖಾಲಿ ಬಂದರಿಗೆ ಬಂದಿಳಿದರು.

ನಮ್ಮ ಕಡೆಯವರಿಗೆ ಬಸ್ಸು ತಪ್ಪುವುದು ಕೊನೆಯಲ್ಲ. ಅಡ್ಡದಾರಿಯಲ್ಲಿ ಹೋಗಿ ಮುಂದಿನ ಸ್ಟಾಪಿನಲ್ಲಿ ಹಿಡಿಯುತ್ತಾರೆ. ಅವರೂ ಹಾಗೆಯೇ ರೈಲು ಹತ್ತಿದರು. ಬೆಳಗ್ಗೆ ಎಂಟೂವರೆಗೆ ಹಡಗು ಮಂಗಳೂರಿನ ಬಂದರಿಗೆ ತಾಗಿದಾಗ, ಗೇಟಿನ ಬಳಿ ಸ್ನಾನ ಮಾಡಿ ವಿಭೂತಿ ಇಟ್ಟ ಮನುಷ್ಯನೊಬ್ಬ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸುತ್ತಿದ್ದ.

"ನಾನು ಬಂದು ಎಲ್ಡು ಗಂಟೆ ಆಯ್ತು," ಎಂದರು, ಹಡಗಿನ ಮೆಟ್ಟಿಲ ಬುಡಕ್ಕೆ ಬಂದು, ಮೇಲೆ ನಿಂತಿದ್ದ ಹೆಂಡತಿಗೆ. "ನಿಮ್ ಹಡಗು ಲೇಟು."

"ಆಗ್ಲಿ. ತಿಂಡಿ ಆಯ್ತಾ?"

"ಆಯ್ತು. ನೋಡು, ಕಟೀಲಿಗೆ ಇಲ್ಲಿಂದ ಬಸ್ಸೈತೆ. ಹೋಗಿ ಬಂದ್ಬುಡನ."

"ನೀವು ಹೋಗಿ ಬನ್ನಿ. ಇಲ್ಲೂ ನಾಲ್ಕೂವರೆ. ನಾನು ಇಳಿಯಲ್ಲ."

ರೇವಣಸಿದ್ದಯ್ಯನವರು ಹೆಂಡತಿಯ ಮುಖ ನೋಡಿದರು. ಮೇಲಿನ ಅಟ್ಟ ನೋಡಿದರು. "ನನ್ ಟವೆಲ್ಲು?"

"ಎತ್ತುಬುಟ್ರು."

ಅವರು ಬಸ್ಸಿನ ಕಡೆ ಹೋಗಲಿಲ್ಲ. ಒಂಬತ್ತಕ್ಕೇ ಹತ್ತಿ, ಸಂಜೆ ಐದರವರೆಗೆ, ಊಟಕ್ಕೂ ಏಳದೆ, ತಮ್ಮ ಕುರ್ಚಿಯಲ್ಲಿ ತಾವೇ ಕುಳಿತಿದ್ದರು. ಹಡಗು ಮುಂಬಯಿಯನ್ನು ಹೇಳಿದ ಹೊತ್ತಿಗೆ ಮುಟ್ಟಿತು. ಗಿರಿಜಾಂಬನವರು ಕೊನೆಯ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ಇಳಿದರು.

ಬೋರಲಿಂಗಯ್ಯ ಇಲ್ಲಿಗೆ ನಿಲ್ಲಿಸಿ ಲೋಟ ಕೆಳಗಿಟ್ಟರು. ಕೇಳುತ್ತಿದ್ದ ಏಳು ಮಂದಿಯೂ ಎದ್ದು ಗೂಡಿನ ಖಾಲಿ ಚೀಲಗಳನ್ನು ಕೊಡವಿದರು. ದೊಡ್ಡಮಳೂರಿನ ಇಬ್ಬರು ರೈಲಿಗೆ ಹೋದರು. ಉಳಿದವರು ಬಸ್‌ಸ್ಟ್ಯಾಂಡಿಗೆ ನಡೆದು, ಕನಕಪುರದ ಬಸ್ಸಿನ ಕಿಟಕಿಗಳಿಂದ ಟವೆಲು ಎಸೆದು, ಹತ್ತಿ ಕುಳಿತರು. ಹೊರಗೆ, "ಇನ್ನೆಂಟೇ ಸೀಟು, ಇದೋ ಹೊಂಟ್ತು," ಎಂದು ರೇವಣಸಿದ್ದಯ್ಯನವರು ಕೂಗುತ್ತಿದ್ದರು. ಒಂದೂಕಾಲು ಗಂಟೆಯ ಅನಂತರ ಬಸ್ಸು ಹೊರಟಿತು, ಎಲ್ಲರೂ ಮನೆ ಸೇರಿದರು.